ಉಗುರು ಸಿಕ್ಕುವ ಗೀರನ್ನು ನಾನೇ ಮುಚ್ಚಿದ ಬಗೆ

ನನ್ನ ಕಾರಿನ ಹಿಂದಿನ ಎಡಬಾಗಿಲ ಮೇಲೆ ಒಂದು ಗೇಣುದ್ದದ ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ತಗಡು ಕಾಣುತ್ತಿರಲಿಲ್ಲ, ತಳದಲ್ಲಿ ಬೂದು ಪ್ರೈಮರ್, ಅಂದರೆ ಬಣ್ಣದಡಿಯ ಮೊದಲ ಲೇಪ ಮಾತ್ರ. ತೋರಿಸಿದ ಮೂವರು ಪೇಂಟರ್‌ಗಳೂ ಒಂದೇ ಮಾತು ಹೇಳಿದರು: ಬಾಗಿಲಿಗೆ ಪೂರ್ತಿ ಬಣ್ಣ ಹೊಡೆಯಬೇಕು, ಇದು ಮನೆಯಲ್ಲಿ ಆಗುವ ಕೆಲಸವಲ್ಲ. ನಮ್ಮ ಭಾವನವರಂತೂ, ‘ಇರುವ ಗೀರನ್ನು ದೊಡ್ಡ ಕಲೆ ಮಾಡಿಕೊಳ್ಳುತ್ತೀಯ, ಬಿಡು’ ಎಂದರು. ಈಗ ಅವರೇ ಬಂದಾಗಲೆಲ್ಲ ಆ ಬಾಗಿಲ ಮುಂದೆ ಬಗ್ಗಿ ಗೀರು ಎಲ್ಲಿತ್ತೆಂದು ಹುಡುಕುತ್ತಾರೆ. ಎಂಟು ತಿಂಗಳಾಯಿತು, ವಾರವಾರ ತೊಳೆದದ್ದಾಯಿತು. ತುಂಬಿದ ಜಾಗ ಕುಸಿದಿಲ್ಲ, ಅಂಚು ಎದ್ದಿಲ್ಲ.

ಆದರೆ ಅದಕ್ಕೆ ಮುನ್ನ ಮೂರು ಸಲ ಕೆಟ್ಟಿತ್ತು. ಟೂತ್‌ಪೇಸ್ಟ್ ಉಜ್ಜಿದೆ, ಪಕ್ಕದಲ್ಲಿದ್ದ ಕೂದಲೆಳೆಯಂಥ ಗೆರೆಗಳು ಸ್ವಲ್ಪ ಮಸುಕಾದವು, ಈ ಗೀರು ಇದ್ದ ಹಾಗೆಯೇ ಇತ್ತು. ಬಣ್ಣದ ಮೇಣ ತಂದು ತುಂಬಿದೆ. ಆ ಸಂಜೆ ಗೀರು ಮಾಯವಾದಂತೆ ಕಂಡಿತು, ಎರಡು ಸಲ ತೊಳೆಯುವಷ್ಟರಲ್ಲಿ ಮರಳಿ ಬಂತು. ಅಂದಿನಿಂದ ಯಾವ ಪಾಲಿಶ್ ಹಾಕಿದರೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸದೆ ಫಲಿತಾಂಶವನ್ನು ನಂಬುವುದಿಲ್ಲ. ಎಣ್ಣೆ ಕುಳಿತು ಮುಚ್ಚಿಕೊಂಡಿದ್ದ ಗೀರೆಲ್ಲ ಆಗ ಹೊರಬೀಳುತ್ತದೆ.

ಮೂರನೆಯದು ದುಬಾರಿ ತಪ್ಪು. ಗೀರು ಮುಚ್ಚಲೆಂದೇ ಸಿಗುವ ಟಚ್‌ಅಪ್ ಬಣ್ಣದ ಸೀಸೆಯ ಮುಚ್ಚಳದಲ್ಲೇ ಇರುವ ಕುಂಚದಿಂದ ಒಂದೇ ಏಟಿಗೆ ಬಣ್ಣ ತುಂಬಿ, ಮರುದಿನವೇ ಬೆರಳಿನಡಿ 800ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ) ಇಟ್ಟು ಉಜ್ಜಿದೆ. ಹೊರಗೆ ಒಣಗಿದಂತಿದ್ದ ಬಣ್ಣ ಒಳಗೆ ಹಸಿಯಾಗಿತ್ತು, ಸುರುಳಿಯಾಗಿ ಎದ್ದು ಬಂತು. ಸಾಲದ್ದಕ್ಕೆ ಪಕ್ಕದಲ್ಲಿ ಬಾಗಿಲ ತಗಡು ಮಡಿದಿರುವ ಮಡಿಕೆಯ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಲೇಪ, ಹರಿದು, ನಾಣ್ಯದಗಲದ ಜಾಗ ಬೆಳ್ಳಗಾಯಿತು. ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಇರುತ್ತದೆ, ಮಡಿಕೆ ಮತ್ತು ಅಂಚುಗಳಲ್ಲಿ ಇನ್ನೂ ತೆಳು. ಇದು ಗೊತ್ತಿದ್ದೂ ಅವಸರಪಟ್ಟೆ. ಈಗ ಅಂಥ ಮಡಿಕೆ ಹತ್ತಿರದಲ್ಲಿದ್ದರೆ ಮೊದಲು ಅದರ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ.

ನಾಲ್ಕನೆಯ ಸಲ ಎಲ್ಲವನ್ನೂ ನಿಧಾನ ಮಾಡಿದೆ. ಗೀರಿನಲ್ಲಿ ಹಿಂದೆ ತುಂಬಿದ್ದ ಬಣ್ಣವನ್ನೆಲ್ಲ ತೆಗೆದು, ಆಲ್ಕೋಹಾಲ್‌ನಿಂದ ಒರೆಸಿ, ಚಿತ್ರ ಬರೆಯುವವರ ಅತಿ ಸಣ್ಣ ಕುಂಚ ಹಿಡಿದೆ. ಬಣ್ಣದ ಕೋಡ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿತ್ತು. ಕಣ್ಣಳತೆಯಲ್ಲಿ ಬಣ್ಣ ಆರಿಸಿ ಒಮ್ಮೆ ಮೋಸಹೋಗಿದ್ದರಿಂದ ಈ ಸಲ ಕೋಡ್ ಹೇಳಿಯೇ ತರಿಸಿದೆ. ಗೀರಿನ ಒಳಗಷ್ಟೇ, ಅಂಚಿಗೆ ಹರಿಯದಂತೆ, ತೆಳುವಾಗಿ ಮೂರು ಸಲ ಬಣ್ಣ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ದಿನ. ಪ್ರತಿ ಸಲ ಒಣಗಿದಾಗಲೂ ಬಣ್ಣ ಒಳಗೆ ಇಳಿಯುತ್ತದೆ. ಮೊದಲ ಲೇಪ ಗೀರನ್ನು ತುಂಬಿತೆಂದು ಕಂಡರೂ ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ಕುಳಿತಿತ್ತು. ಅದರ ಮೇಲೆ ಕ್ಲಿಯರ್ ಹಾಕುತ್ತ ಹೋದೆ. ನಾಲ್ಕೋ ಐದೋ ಲೇಪ, ಸರಿಯಾಗಿ ನೆನಪಿಲ್ಲ. ಬೆರಳು ಆಡಿಸಿದರೆ ಗೀರಿದ್ದಲ್ಲಿ ಸಣ್ಣ ದಿಬ್ಬ ತಗುಲಬೇಕು. ಸಮವಾಯಿತೆಂದು ನಿಲ್ಲಿಸಿದರೆ ವಾರ ಕಳೆದ ಮೇಲೆ ಹಳ್ಳವಾಗುತ್ತದೆ.

ಆಮೇಲೆ ಹತ್ತು ದಿನ ಮುಟ್ಟಲಿಲ್ಲ. ಇಡೀ ಕೆಲಸದ ಜೀವ ಈ ಹತ್ತು ದಿನಗಳಲ್ಲಿದೆ. ನನ್ನನ್ನು ಗೆಲ್ಲಿಸಿದ್ದು ಕೈಚಳಕಕ್ಕಿಂತ ಈ ಕಾಯುವಿಕೆಯೇ ಎಂದು ಖಂಡಿತವಾಗಿ ಹೇಳುತ್ತೇನೆ.

ದಿಬ್ಬ ಇಳಿಸಲು 2000ರ ವಾಟರ್ ಪೇಪರ್ ಸಾಕು. ಅದನ್ನು ಪೆನ್ಸಿಲ್ ರಬ್ಬರಿನ ತುಂಡಿಗೆ ಸುತ್ತಿ, ಒಂದು ಹನಿ ಶಾಂಪೂ ಹಾಕಿದ ನೀರಿನಲ್ಲಿ ನೆನೆಸಿಕೊಂಡು, ದಿಬ್ಬದ ನೆತ್ತಿಯ ಮೇಲೆ ಮಾತ್ರ ಆಡಿಸಿದೆ. ಹತ್ತು ಸಲ ಉಜ್ಜುವುದು, ಒರೆಸುವುದು, ಓರೆಯಾಗಿ ಟಾರ್ಚ್ ಬಿಟ್ಟು ನೋಡುವುದು. ಉಜ್ಜಿದ ಕಡೆ ಮಂಕಾಗುತ್ತದೆ. ಇನ್ನೂ ಇಳಿಯದ ಕಡೆ ಹೊಳೆಯುವ ಗೆರೆಯೊಂದು ಉಳಿಯುತ್ತದೆ. ಆ ಗೆರೆ ದಾರದಷ್ಟಾಗಿ, ಆಮೇಲೆ ತುಂಡುತುಂಡಾದಾಗ ಕೈ ನಿಲ್ಲಿಸಿದೆ. ಅಲ್ಲಿಂದ 3000ರ ಪೇಪರ್, ಆಮೇಲೆ ಉಜ್ಜಿದ ಗುರುತು ಅಳಿಸುವ ಕಾಂಪೌಂಡ್ ಪೇಸ್ಟ್, ಕೊನೆಗೆ ಪಾಲಿಶ್, ಎಲ್ಲವೂ ಕೈಯಲ್ಲೇ. ಕೊನೆಯ ಲೇಪದ ಕ್ಲಿಯರ್‌ಗೆ ನಾನು ಬೆರೆಸುವುದೊಂದಿದೆ. ಅದರಿಂದಲೇ ಅಂಚು ಹಳೆಯ ಪದರದಲ್ಲಿ ಕರಗಿದಂತೆ ಸೇರುತ್ತದೆ. ಅದು ಏನು, ಎಷ್ಟು ಎಂಬುದು ಸದ್ಯ ನನ್ನಲ್ಲೇ ಇರಲಿ. ಇನ್ನೂ ಎರಡು ಬಣ್ಣಗಳ ಮೇಲೆ ನೋಡಬೇಕಿದೆ.

ನಡುವೆ ಒಂದು ಪ್ರಯೋಗ. ಗ್ಯಾರೇಜಿನವರು ಎಸೆಯಲಿಟ್ಟಿದ್ದ ಹಳೆಯ ಮಡ್‌ಗಾರ್ಡ್ ಕೇಳಿ ತಂದು, ಅದರ ಮೇಲೆ ಬೀಗದ ಕೈಯಿಂದ ಏಳೆಂಟು ಗೀರು ಎಳೆದು ಒಂದೊಂದನ್ನು ಒಂದೊಂದು ರೀತಿ ತುಂಬಿದೆ. ಹೇರ್ ಡ್ರೈಯರ್ ಹಿಡಿದದ್ದು ಬೇಗನೆ ಒಣಗಿತು, ಆದರೆ ಮೇಲೆ ಚರ್ಮ ಕಟ್ಟಿ ಒಳಗಿನ ಥಿನ್ನರ್ (ಬಣ್ಣ ತೆಳುವಾಗಿಸುವ ದ್ರವ) ಹೊರಬರಲಾಗದೆ ಸೂಜಿಮೊನೆಯಷ್ಟು ತೂತುಗಳಾದವು. ಮೋಡ ಕವಿದು ಹವೆ ತೇವವಾಗಿದ್ದ ದಿನ ಹಾಕಿದ ಕ್ಲಿಯರ್ ಹಾಲು ಕಲಸಿದಂತೆ ಬಿಳಿಚಿತು. ನೆರಳಿನಲ್ಲಿ ಸುಮ್ಮನೆ ಬಿಟ್ಟದ್ದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಮೆಟಾಲಿಕ್ ಬಣ್ಣವನ್ನು ದಪ್ಪ ಹನಿಯಾಗಿ ಬಿಟ್ಟಲ್ಲಿ ಒಳಗಿನ ಹೊಳಪಿನ ಪುಡಿ ಅಡ್ಡಾದಿಡ್ಡಿ ಕುಳಿತು ಕಪ್ಪಾಗಿ ಕಂಡಿತು. ಸೀಸೆಯನ್ನು ಎರಡು ನಿಮಿಷ ಕುಲುಕಿ ತೆಳುವಾಗಿ ಎಳೆದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಆದರೂ ಮೆಟಾಲಿಕ್‌ನಲ್ಲಿ ಗೀರು ಪೂರ್ತಿ ಅಳಿಯುತ್ತದೆಂದು ನಾನು ಮಾತು ಕೊಡಲಾರೆ. ನನ್ನದು ಸಾದಾ ಬಣ್ಣದ ಕಾರು.

ಲೆಕ್ಕಕ್ಕೆ ಬಂದರೆ, ಬಾಗಿಲಿಗೆ ಬಣ್ಣ ಹೊಡೆಯಲು ಪೇಂಟರ್‌ಗಳು ಕೇಳಿದ್ದ ಹಣದಲ್ಲಿ ಎಂಟರಲ್ಲಿ ಒಂದು ಪಾಲೂ ನನಗೆ ಖರ್ಚಾಗಲಿಲ್ಲ. ಅದರಲ್ಲೂ ಅರ್ಧದಷ್ಟು ಹೋದದ್ದು ಆ ಮೇಣಕ್ಕೆ, ತಪ್ಪು ಬಣ್ಣದ ಸೀಸೆಗೆ, ಬೇಡವಾಗಿದ್ದ ಒರಟು ಕಾಂಪೌಂಡಿಗೆ. ನಾಣ್ಯದಗಲ ಬೆಳ್ಳಗಾದ ಜಾಗವನ್ನೂ ಅದೇ ಕ್ಲಿಯರ್‌ನಿಂದ ಸರಿಮಾಡಿದೆ. ಗೀರಿಗಿಂತ ಅದೇ ಹೆಚ್ಚು ದಿನ ಹಿಡಿಯಿತು. ತಗಡು ಕಾಣುವ ಗೀರಾದರೆ ತುಕ್ಕು ಕೆರೆದು ಪ್ರೈಮರ್ ಹಾಕದೆ ಬಣ್ಣ ಮುಟ್ಟಿಸಬೇಡಿ, ಒಳಗೊಳಗೇ ತುಕ್ಕು ಹರಡಿ ಬಣ್ಣ ಉಬ್ಬುತ್ತದೆ.

ಸೀಸೆಯಲ್ಲಿ ಇನ್ನೂ ಮುಕ್ಕಾಲು ಪಾಲು ಬಣ್ಣವಿದೆ. ಬಾನೆಟ್ಟಿನ ಮುಂಚೂಣಿಯಲ್ಲಿ ಕಲ್ಲು ಸಿಡಿದ ಹತ್ತಾರು ಚುಕ್ಕೆಗಳಿಗೆ ನಿನ್ನೆ ಮೂರನೆಯ ಲೇಪ ಮುಗಿಸಿದೆ. ಭಾವನವರ ಕಾರಿನ ಬಾಗಿಲಲ್ಲೂ ಒಂದು ಗೀರಿದೆ. ಮುಂದಿನ ಭಾನುವಾರ ಅದನ್ನು ತರುತ್ತೇನೆಂದು ಅವರೇ ಫೋನ್ ಮಾಡಿದ್ದಾರೆ.