ರೆಡಿಂಗ್‌ನಲ್ಲಿ ಮನೆಯ ಬೆಲೆ ನಾನೇ ಕಟ್ಟಿದ್ದು ಹೇಗೆ

ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಲ್ಲಿ ನಾನು ಕೊಳ್ಳಹೊರಟ ಮನೆಗೆ ಏಜೆಂಟ್ ಹೇಳಿದ್ದು 4 ಲಕ್ಷ 10 ಸಾವಿರ ಪೌಂಡ್. ನನ್ನ ಲೆಕ್ಕಕ್ಕೆ ಬಂದದ್ದು 3 ಲಕ್ಷ 85. ಮುಗಿದದ್ದು 3 ಲಕ್ಷ 88ಕ್ಕೆ. ‘ಎಕ್ಸೆಲ್ ಹಾಳೆ ನೋಡಿ ಇಲ್ಲಿ ಯಾರೂ ಬೆಲೆ ಇಳಿಸಲ್ಲ’ ಅಂದಿದ್ದವರೇ ಈಗ ಆ ಹಾಳೆ ಕೇಳುತ್ತಿದ್ದಾರೆ. ಮಾರ್ಟ್‌ಗೇಜ್, ಸಾಲಿಸಿಟರ್ ಕೆಲಸವೆಲ್ಲ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಮೊದಲ ತಪ್ಪು, ಸರಾಸರಿ ನಂಬಿದ್ದು. ರೆಡಿಂಗ್ ಆಡಳಿತ ಪ್ರದೇಶದ (ಬರೋ) ಸರಾಸರಿ ಮನೆ ಬೆಲೆ ಮೂರು ಲಕ್ಷ ಚಿಲ್ಲರೆ, ಪಕ್ಕದ ವೋಕಿಂಗಮ್‌ದು ಐದು ಲಕ್ಷದ ಹತ್ತಿರ. ಊರಂಚಿನ ಲೋಯರ್ ಅರ್ಲಿ ಬಡಾವಣೆಯವರು ರೈಲು ಹತ್ತೋಕೆ ರೆಡಿಂಗ್‌ಗೇ ಬರುತ್ತಾರೆ, ಆದರೆ ಅವರ ಮನೆಗಳು ಲೆಕ್ಕಕ್ಕೆ ಸೇರುವುದು ವೋಕಿಂಗಮ್‌ಗೆ. ಎರಡೂ ಸರಾಸರಿ ನನ್ನ ಬೀದಿಯ ಬಗ್ಗೆ ಏನೂ ಹೇಳಲಿಲ್ಲ. ಹಾಗಾಗಿ ಬೀದಿಗೆ ಇಳಿದೆ.

ಲ್ಯಾಂಡ್ ರಿಜಿಸ್ಟ್ರಿಯ (ಆಸ್ತಿ ನೋಂದಣಿ ಇಲಾಖೆ) ಪ್ರೈಸ್ ಪೇಯ್ಡ್ ಡೇಟಾ, ಅಂದರೆ 1995ರಿಂದ ಈಚಿನ ಮಾರಾಟ ಬೆಲೆಗಳ ಪಟ್ಟಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ವಿಸ್ತೀರ್ಣ ಇರುವುದಿಲ್ಲ. ಅದು ಇರುವುದು ಇಪಿಸಿಯಲ್ಲಿ (ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ), ಚದರ ಮೀಟರಿನಲ್ಲಿ. ಪೋಸ್ಟ್‌ಕೋಡ್ ಮತ್ತು ಮನೆ ನಂಬರ್ ಸೇರಿಸಿ ಎರಡನ್ನೂ ಜೋಡಿಸಿದೆ. ಸುಮಾರು 240 ಸಾಲಿನಲ್ಲಿ 190 ತಾವಾಗಿಯೇ ಕೂತವು. ಒಂದರಲ್ಲಿ ‘12ಎ’, ಇನ್ನೊಂದರಲ್ಲಿ ‘ಫ್ಲಾಟ್ 1, 12’ ಎಂದಿರುವಂಥವನ್ನು ಕೈಯಲ್ಲೇ ಜೋಡಿಸಬೇಕಾಯಿತು. ಹೊಸ ಕಟ್ಟಡದ ಸಾಲುಗಳನ್ನೂ ‘ಬಿ’ ವರ್ಗದವನ್ನೂ ತೆಗೆದುಬಿಡಿ. ಜಪ್ತಿಯಾದ ಮನೆಗಳ ಮಾರಾಟ ‘ಬಿ’ಯಲ್ಲೇ ಸೇರಿಕೊಂಡು ದರ ಕೆಡಿಸುತ್ತದೆ.

ಎರಡು ತಿಂಗಳು ಹಾಳಾದದ್ದು ತಾರೀಖಿನಿಂದ. ದಾಖಲೆಯಲ್ಲಿರುವುದು ಕಂಪ್ಲೀಷನ್ ದಿನ, ಅಂದರೆ ಮನೆ ಕೈಗೆ ಬಂದ ದಿನ; ಬೆಲೆ ಕುದುರಿದ್ದು ಅದಕ್ಕೂ ಮೂರು-ನಾಲ್ಕು ತಿಂಗಳ ಹಿಂದೆ. ಎಲ್ಲ ತಾರೀಖನ್ನೂ ನಾಲ್ಕು ತಿಂಗಳು ಹಿಂದಕ್ಕೆ ತಳ್ಳಿ, ಆಮೇಲೆ ಬೆಲೆ ಸೂಚ್ಯಂಕದ ಟೆರೇಸ್ (ಗೋಡೆ ಹಂಚಿಕೊಂಡ ಸಾಲುಮನೆ) ಅಂಕಿಗಳಿಂದ ಇವತ್ತಿನ ಬೆಲೆಗೆ ತಂದ ಮೇಲೆಯೇ ದರಗಳು ಒಂದಕ್ಕೊಂದು ಹತ್ತಿರ ಬಂದದ್ದು. ನನ್ನ ಬೀದಿಗೆ ಚದರ ಮೀಟರಿಗೆ 4,700 ಪೌಂಡ್ ಆಸುಪಾಸು.

ಏಜೆಂಟ್ ಕೊಟ್ಟ ಫ್ಲೋರ್ ಪ್ಲ್ಯಾನ್‌ನಲ್ಲಿ ಒಟ್ಟು 91 ಚದರ ಮೀಟರ್. ಆ ಲೆಕ್ಕದಲ್ಲಿ ದರ 4,500, ಅಗ್ಗ ಅನ್ನಿಸುತ್ತದೆ. ಇಪಿಸಿಯಲ್ಲಿ 82. ಲೇಸರ್ ಮೀಟರ್ ತಗೊಂಡು ಹೋಗಿ ಅಳೆದರೆ ಉಳಿದ 9 ಮೀಟರ್ ಹೀಟಿಂಗ್ ಇಲ್ಲದ, ತಲೆ ತಗುಲುವ ನೆಲಮಾಳಿಗೆ! ನಿಜವಾದ ದರ 5,000. ಲೋಯರ್ ಅರ್ಲಿ ಕಡೆಯ ಎಂಬತ್ತರ ದಶಕದ ಮನೆಗಳಲ್ಲಿ ಇದೇ ಕೆಲಸ ಗ್ಯಾರೇಜ್ ಮಾಡುತ್ತದೆ. ಉಲ್ಟಾ ಕೂಡ ಆಗುತ್ತದೆ: ಇಪಿಸಿ ಹತ್ತು ವರ್ಷ ನಡೆಯುತ್ತದೆ, ನಡುವೆ ಅಟ್ಟವನ್ನು ಕೋಣೆ ಮಾಡಿದ್ದರೆ ಅಳತೆ ಕಡಿಮೆ ಕಾಣುತ್ತದೆ. ಬಿಲ್ಡಿಂಗ್ ಕಂಟ್ರೋಲ್‌ನ ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ಕಟ್ಟಡ ನಿಯಮದಂತೆ ಮುಗಿದಿದೆ ಎಂಬ ಪತ್ರ) ಇಲ್ಲದ ಅಟ್ಟವನ್ನು ನಾನು ಬೆಡ್‌ರೂಮ್ ಅಂತ ಎಣಿಸಲೇ ಇಲ್ಲ.

ಬೀದಿಯ ಗುಣಕ್ಕೂ ಬೆಲೆ ಕಟ್ಟಬೇಕು. ನ್ಯೂಟೌನ್‌ನ ಸಾಲುಮನೆಗಳು ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಾರ್ಖಾನೆಯ ಕಾಲದವು. ಕೆಂಪು ಇಟ್ಟಿಗೆಯ ನಡುವೆ ಬೂದು ಇಟ್ಟಿಗೆಯ ಪಟ್ಟಿ ಕೂರಿಸಿದ ಆ ಗೋಡೆಗಳು ರೆಡಿಂಗ್‌ನದೇ ಗುರುತು. ಇಟ್ಟಿಗೆಗೆ ಬಣ್ಣ ಬಳಿದ ಮನೆಗಳಿಗೆ ನಾನು ದರ ಕಡಿಮೆ ಹಾಕಿದೆ: ತೇವ ಒಳಗೇ ಉಳಿಯುತ್ತದೆ, ಬಣ್ಣ ಕೀಳಿಸಲು ಸಾವಿರಾರು ಪೌಂಡ್ ಬೇಕು. ಯೂನಿವರ್ಸಿಟಿ ಸುತ್ತ ಯಾವ ಮನೆ ವಿದ್ಯಾರ್ಥಿಗಳಿಗೆ ಕೋಣೆ ಕೋಣೆಯಾಗಿ ಬಾಡಿಗೆ ಹೋಗಿದೆ ಎನ್ನುವುದು ಕಸದ ದಿನ ಬೆಳಿಗ್ಗೆ ಬಿನ್ ಎಣಿಸಿದರೆ ತಿಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಹೋಗಿ ಪಾರ್ಕಿಂಗ್ ನೋಡಿ. ಇವಕ್ಕೆ ಎಷ್ಟೆಷ್ಟು ಶೇಕಡಾ ಕಳೆದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ನೆಲವನ್ನೂ ನೋಡಬೇಕು. ಹಿಂದೆ ಸೀಮೆಸುಣ್ಣದ ಕಲ್ಲಿಗಾಗಿ ಸುರಂಗ ತೋಡಿದ ಊರಿದು. ಕೋಲಿ ಬಡಾವಣೆಯ ಫೀಲ್ಡ್ ರೋಡ್‌ನಲ್ಲಿ 2000ದಲ್ಲಿ ನೆಲ ಕುಸಿದು ಜನ ಮನೆ ಬಿಡಬೇಕಾಯಿತು. ಲೋಯರ್ ಕ್ಯಾವರ್ಶಮ್‌ನಲ್ಲಿ ಥೇಮ್ಸ್‌ನ ಪ್ರವಾಹದ ಪ್ರಶ್ನೆ. ಎರಡಕ್ಕೂ ಆಫರ್ ಹಾಕುವ ಮುಂಚೆಯೇ ಇನ್ಶೂರೆನ್ಸ್ ಕೋಟ್ ತರಿಸಿ.

ರೈಲಿಗೂ ಬೆಲೆ ಕಟ್ಟಿದೆ. ಎಲಿಜಬೆತ್ ಲೈನ್ 2022ರ ನವೆಂಬರ್‌ನಿಂದ ರೆಡಿಂಗ್‌ನಿಂದ ನೇರ ಲಂಡನ್ ಒಳಗೆ ಓಡುತ್ತದೆ, ಆದರೆ ಪ್ಯಾಡಿಂಗ್ಟನ್ನಿಗೆ ವೇಗದ ರೈಲಿನ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲಿರುವ ಮನೆಗೂ ಬಸ್ಸು ಹಿಡಿಯಬೇಕಾದ ಮನೆಗೂ ನಾನು ಹಾಕಿದ ವ್ಯತ್ಯಾಸ 15 ಸಾವಿರ.

ದೊಡ್ಡ ಪೆಟ್ಟು ಬಿದ್ದದ್ದು ಸ್ಟ್ಯಾಂಪ್ ಡ್ಯೂಟಿಯಲ್ಲಿ. 2025ರ ಮಾರ್ಚ್ 31ರೊಳಗೆ ಮುಗಿದಿದ್ದರೆ ಈ ಬೆಲೆಯ ಮೊದಲ ಮನೆಗೆ ಸೊನ್ನೆ. ಸರ್ಚ್ (ಸಾಲಿಸಿಟರ್ ಮಾಡಿಸುವ ದಾಖಲೆ ಪರಿಶೀಲನೆ) ತಡವಾಗಿ ಏಪ್ರಿಲ್‌ಗೆ ಜಾರಿತು, 3 ಲಕ್ಷದ ಮೇಲಿನ 88 ಸಾವಿರಕ್ಕೆ ಶೇ. 5ರಂತೆ 4,400 ಪೌಂಡ್ ಹೋಯಿತು. ನಮ್ಮವರು ಇನ್ನೊಂದು ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ನಿಮ್ಮ ಅಥವಾ ನಿಮ್ಮ ಗಂಡ/ಹೆಂಡತಿಯ ಹೆಸರಲ್ಲಿ 40 ಸಾವಿರ ಪೌಂಡಿಗೆ ಮೇಲ್ಪಟ್ಟ ಫ್ಲಾಟ್ ಇದ್ದರೆ ಮೊದಲ ಮನೆಯ ರಿಯಾಯಿತಿ ಇಲ್ಲ, ಜತೆಗೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5. ಇದೇ ಮನೆಗೆ 28,800 ಆಗುತ್ತಿತ್ತು. ಬರೀ ಸೈಟು ಮನೆಯ ಲೆಕ್ಕಕ್ಕೆ ಬರುವುದಿಲ್ಲ.

ಆಫರ್ ಇಮೇಲ್‌ನಲ್ಲಿ ಐದೇ ಸಾಲು ಬರೆದೆ: ಅದೇ ಬೀದಿಯ ಮೂರು ಮನೆ, ಬೆಲೆ, ಮೀಟರ್, ದರ, ನನ್ನ ಮೊತ್ತ. ಮೊದಲು 3 ಲಕ್ಷ 76 ಕೇಳಿದ್ದೆ, ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಏಜೆಂಟೇ ಫೋನ್ ಮಾಡಿ, ನೆಲಮಾಳಿಗೆ ಬಿಟ್ಟು ಅಳೆದದ್ದು ಸರಿಯೇ ಅಂತ ಕೇಳಿದರು.