ಸೈರನ್ ಪದದ ಜಾಡು ಹಿಡಿದು ಹೋದಾಗ: ನನ್ನ ಅನುಭವ

ಇವತ್ತು ಸೈರನ್ ಕೇಳಿದರೆ ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಗ್ರೀಕರ ಕಥೆಯಲ್ಲಿ ಸೈರನ್ ಹಾಡು ಕೇಳಿದವನಿಗೆ ದೂರ ಸರಿಯೋಕೆ ಆಗುತ್ತಿರಲಿಲ್ಲ. ಹತ್ತಿರ ಹೋಗುತ್ತಿದ್ದ, ಅಲ್ಲೇ ಸಾಯುತ್ತಿದ್ದ. ಪದ ಒಂದೇ, ಮಾಡೋ ಕೆಲಸ ಪೂರ್ತಿ ಉಲ್ಟಾ.

ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ, ಭಾಷಾಶಾಸ್ತ್ರ ನನ್ನ ಕ್ಷೇತ್ರ ಅಲ್ಲ. ಶಬ್ದದ ಪಾಠ ನಡೆಯುವಾಗ ಒಬ್ಬಳು, "ಸರ್, ಆಂಬುಲೆನ್ಸ್ ಸೈರನ್‌ಗೂ ಕಥೇಲಿ ಬರೋ ಸೈರನ್‌ಗೂ ಸಂಬಂಧ ಇದ್ಯಾ?" ಅಂದಳು. ಹಿಂದಿನ ಬೆಂಚಿನಿಂದ ಉತ್ತರವೂ ಬಂತು: "ಎರಡೂ ಕಡೆ ಅಪಾಯ ಇದೆಯಲ್ಲ ಸರ್, ಅದಕ್ಕೇ." ಕೇಳೋಕೆ ಸರಿಯಾಗೇ ಇದೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಆ ಉತ್ತರ ನಿಲ್ಲೋದಿಲ್ಲ.

ಪದದ ಕಥೆ ಹುಡುಕುವವರು ಸಾಮಾನ್ಯವಾಗಿ ಪುರಾಣದಿಂದ ಶುರು ಮಾಡುತ್ತಾರೆ. ನಾನು ಇವತ್ತಿನ ಅರ್ಥದಿಂದ ಹಿಂದಕ್ಕೆ ಹೋದೆ. ಪುರಾಣದಿಂದ ಮುಂದಕ್ಕೆ ಬಂದರೆ ನಮಗೆ ಬೇಕಾದ ಸಂಬಂಧವನ್ನು ನಾವೇ ಕಟ್ಟಿಬಿಡುತ್ತೇವೆ. ಹಿಂದಕ್ಕೆ ಹೋಗುವಾಗ ಒಂದೊಂದು ಅರ್ಥಕ್ಕೂ "ನೀನು ಯಾವಾಗ ಬಂದೆ, ಯಾರ ಬಾಯಲ್ಲಿ ಬಂದೆ" ಅಂತ ಕೇಳಲೇಬೇಕು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಇದಕ್ಕೆ ಹೇಳಿ ಮಾಡಿಸಿದ್ದು. ಪ್ರತಿ ಅರ್ಥಕ್ಕೂ ಇಸವಿಯ ಸಮೇತ ಹಳೆಯ ವಾಕ್ಯಗಳನ್ನು ಸಾಲಾಗಿ ಕೊಟ್ಟಿರುತ್ತಾರೆ.

ಹಾಗೆ ಹೋದಾಗ ಸೈರನ್ ಎಂಬ ಯಂತ್ರದ ಬೇರು 1819ರಲ್ಲಿ ಸಿಗುತ್ತದೆ. ಆಗ ಅದು ಯಾರನ್ನೂ ಎಚ್ಚರಿಸುತ್ತಿರಲಿಲ್ಲ. ಅದೊಂದು ಲ್ಯಾಬಿನ ಉಪಕರಣ. ಚಾರ್ಲ್ಸ್ ಕಾನ್ಯಾರ್ ದ ಲಾ ತೂರ್ ಎಂಬ ಫ್ರೆಂಚ್ ವಿಜ್ಞಾನಿ ಮಾಡಿದ್ದು. ಒಂದು ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಎಣಿಸೋದೇ ಅದರ ಕೆಲಸ. ಒಂದರ ಮೇಲೊಂದು ಎರಡು ತಟ್ಟೆ, ಎರಡರಲ್ಲೂ ಓರೆಯಾಗಿ ಕೊರೆದ ತೂತು. ಕೆಳಗಿಂದ ಗಾಳಿ ಊದಿದರೆ ಮೇಲಿನ ತಟ್ಟೆ ತಾನಾಗೇ ತಿರುಗುತ್ತದೆ. ತೂತಿಗೆ ತೂತು ಸೇರಿದಾಗ ಗಾಳಿ ಹೊರಗೆ ಬರುತ್ತದೆ, ಸರಿದಾಗ ನಿಲ್ಲುತ್ತದೆ. ಗಾಳಿ ಹೀಗೆ ತುಂಡು ತುಂಡಾಗಿ ಬರೋದೇ ಸ್ವರ. ಎಷ್ಟು ಸುತ್ತು ಆಯಿತು ಅಂತ ತೋರಿಸೋಕೆ ಮೇಲೆ ಗಡಿಯಾರದಂಥ ಮುಳ್ಳುಗಳು.

ಇದನ್ನು ಓದಿ ಸುಮ್ನೆ ಇರೋಕಾಗಲಿಲ್ಲ. ಮಕ್ಕಳ ಜೊತೆ ಕೂತು ಒಂದು ಸರಳ ಸೈರನ್ ಮಾಡಿದೆ. ಹಳೆಯ ಸಿ.ಡಿ. ಒಂದು, ಆಟಿಕೆಯಲ್ಲಿರುವಂಥ ಡಿ.ಸಿ. ಮೋಟರ್ ಒಂದು, ಜ್ಯೂಸ್ ಕುಡಿಯೋ ಸ್ಟ್ರಾ ಒಂದು. ಕಾಗದದ ಮೇಲೆ ಕೈವಾರದಿಂದ ನಾಲ್ಕು ವೃತ್ತ ಎಳೆದು, ಕೋನಮಾಪಕ ಇಟ್ಟು ಗುರುತು ಹಾಕಿ, ಆ ಕಾಗದವನ್ನು ಸಿ.ಡಿ. ಮೇಲೆ ಅಂಟಿಸಿದೆವು. ಒಳಗಿನ ವೃತ್ತಕ್ಕೆ 24 ತೂತು, ಆಮೇಲೆ 30, 36, ಅಂಚಿನಲ್ಲಿ 48. ಸಣ್ಣ ಡ್ರಿಲ್ಲಿನಲ್ಲಿ ನಿಧಾನವಾಗಿ ಕೊರೆಯಬೇಕು. ಜೋರು ಮಾಡಿದರೆ ಪ್ಲಾಸ್ಟಿಕ್ ಬಿಸಿಯಾಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಕೆಳಗೆ ಒಂದು ಹಲಗೆ ಚೂರು ಇಟ್ಟುಕೊಂಡರೆ ಸೀಳು ಬಿಡೋದಿಲ್ಲ. ಕಣ್ಣಿಗೆ ಕನ್ನಡಕ ಇರಲೇಬೇಕು, ತಿರುಗಿಸುವಾಗಲೂ.

ಸಿ.ಡಿ. ತಿರುಗುತ್ತಿರುವಾಗ ಒಂದು ಸಾಲಿನ ಎದುರಿಗೆ ಸ್ಟ್ರಾ ಹಿಡಿದು ಊದಿದರೆ ಸ್ವರ ಕೇಳುತ್ತದೆ. ಲೆಕ್ಕ ಸುಲಭ. ತೂತಿನ ಸಂಖ್ಯೆಯನ್ನು ಸೆಕೆಂಡಿಗೆ ಆಗುವ ಸುತ್ತಿನಿಂದ ಗುಣಿಸಿದರೆ ಆಯಿತು. ಸೆಕೆಂಡಿಗೆ 20 ಸುತ್ತಾದರೆ 24 ತೂತಿನ ಸಾಲು 480 ಹರ್ಟ್ಸ್ ಕೊಡಬೇಕು, ಅಂಚಿನ ಸಾಲು 960. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಒಳಗಿನ ಸಾಲಿನ ಹರ್ಟ್ಸ್ ನೋಡಿ 24ರಿಂದ ಭಾಗಿಸಿದರೆ ಮೋಟರ್ ಎಷ್ಟು ವೇಗವಾಗಿ ತಿರುಗುತ್ತಿದೆ ಅನ್ನೋದೂ ಗೊತ್ತಾಗುತ್ತದೆ.

ಆ ನಾಲ್ಕು ಸಂಖ್ಯೆ ನನ್ನದಲ್ಲ, ಹಳೆಯ ಫಿಸಿಕ್ಸ್ ಲ್ಯಾಬುಗಳಲ್ಲಿ ರೂಢಿಯಲ್ಲಿದ್ದದ್ದು. ಆ ಸಂಖ್ಯೆಗಳೇ ಯಾಕೆ ಅಂತ ಊದಿದ ಮೇಲೆ ತಿಳಿಯಿತು. ಒಳಗಿನಿಂದ ಹೊರಗೆ ಒಂದೊಂದೇ ಸಾಲು ಊದುತ್ತಾ ಹೋದೆ. ತರಗತಿಯಲ್ಲಿ ಸಂಗೀತ ಕಲಿಯುತ್ತಿದ್ದ ಹುಡುಗನೊಬ್ಬ ತಟ್ಟನೆ "ಸ, ಗ, ಪ, ಮೇಲಿನ ಸ" ಅಂದ. ಗಾಂಧಾರ ಅಂತರ ಗಾಂಧಾರ. 24:30:36:48 ಅಂದರೆ 4:5:6:8 ಅಲ್ವಾ? ಮೋಟರಿನ ವೇಗ ಹೆಚ್ಚಿಸಿದರೆ ಶ್ರುತಿ ಏರುತ್ತದೆ, ಆದರೆ ಸ-ಗ-ಪ-ಸ ಹಾಗೇ ಉಳಿಯುತ್ತದೆ. ಆಂಬುಲೆನ್ಸಿನ ಕಿರುಚಾಟಕ್ಕೆ ಹೆಸರು ಕೊಟ್ಟ ಉಪಕರಣದೊಳಗೆ ಸಂಗೀತ ಇರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇನ್ನು ಹೆಸರಿನ ಮಾತು. ಇಂಥ ಯಂತ್ರವನ್ನು ಮೊದಲು ಮಾಡಿದವನೂ ಕಾನ್ಯಾರ್ ಅಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೇ ಸ್ಕಾಟ್ಲೆಂಡಿನ ಜಾನ್ ರಾಬಿಸನ್ ಗಾಳಿಯ ಕೊಳವೆಯನ್ನು ಸರಸರನೆ ತೆರೆದು ಮುಚ್ಚಿ ಸ್ವರ ಹುಟ್ಟಿಸಿದ್ದ. ಆದರೆ ಸೈರನ್ ಅಂತ ಕರೆದದ್ದು ಕಾನ್ಯಾರ್. ಅದಕ್ಕೆ ಅವನು ಕೊಟ್ಟ ಕಾರಣ ಇಷ್ಟೇ: ಈ ಉಪಕರಣ ನೀರಿನೊಳಗೂ ಹಾಡುತ್ತದೆ. ಗಾಳಿಯ ಬದಲು ನೀರನ್ನೇ ತೂತುಗಳ ಮೂಲಕ ನುಗ್ಗಿಸಿದರೂ ಸ್ವರ ಬರುತ್ತದೆ. ನೀರಿನಲ್ಲಿ ಹಾಡುವವಳು ಯಾರು? ಫ್ರೆಂಚಿನಲ್ಲಿ ಸಿರೆನ್ ಅಂದರೆ ಮೀನಿನ ಬಾಲದ ಹುಡುಗಿ, ಮತ್ಸ್ಯಕನ್ಯೆ. ಅಪಾಯ, ಎಚ್ಚರಿಕೆ ಯಾವುದೂ ಅವನ ತಲೆಯಲ್ಲಿರಲಿಲ್ಲ. ಅದೊಂದು ಹಗುರವಾದ ಚಮತ್ಕಾರ. (ನಮ್ಮ ಸಿ.ಡಿ.ಯನ್ನು ನೀರಿಗಿಳಿಸುವ ಸಾಹಸ ನಾನು ಮಾಡಲಿಲ್ಲ. ಮೋಟರಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ.)

ಎಚ್ಚರಿಕೆಯ ಅರ್ಥ ಬಂದದ್ದು ಮಂಜಿನಿಂದ. ಸಮುದ್ರದಲ್ಲಿ ಮಂಜು ಕವಿದರೆ ದೀಪಸ್ತಂಭದ ಬೆಳಕು ಕಾಣೋದಿಲ್ಲ, ಸದ್ದೇ ಗತಿ. ಬಾಯಿಂದ ಊದುವ ಬದಲು ಒತ್ತಡದ ಉಗಿಯನ್ನು ಕತ್ತರಿಸಿ ಬಿಟ್ಟರೆ ಇದೇ ಉಪಕರಣ ಮೈಲಿಗಟ್ಟಲೆ ಕೇಳಿಸುತ್ತದೆ. 1873ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಇಂಗ್ಲೆಂಡಿನ ಡೋವರ್ ಬಳಿಯ ಸೌತ್ ಫೋರ್‌ಲ್ಯಾಂಡಿನಲ್ಲಿ ಕೊಂಬು, ಸೀಟಿ, ತೋಪುಗಳ ಜೊತೆ ಅಮೆರಿಕದಿಂದ ಬಂದ ಉಗಿ ಸೈರನ್ ಅನ್ನೂ ಇಟ್ಟು ಪರೀಕ್ಷೆ ಮಾಡಿದ. ಸೈರನ್ ಗೆದ್ದಿತು. ಹೆಸರಿಟ್ಟು ಆಗಲೇ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಅಂದರೆ ಹಾಡಿ ಹಡಗನ್ನು ಬಂಡೆಯ ಹತ್ತಿರ ಎಳೆಯುತ್ತಿದ್ದವಳ ಹೆಸರು, ಹಡಗನ್ನು ಬಂಡೆಯಿಂದ ದೂರ ಇಡುವ ಯಂತ್ರಕ್ಕೆ ಬಂದು ಕೂತಿತ್ತು.

ಆಮೇಲೆ ಕಾರ್ಖಾನೆ, ಆಮೇಲೆ ಯುದ್ಧ. ವಿಮಾನ ದಾಳಿಯ ಸೈರನ್‌ನ ಏರಿಳಿತದ ಊಳಿಗೂ ಕಾರಣ ತಿರುಗೋ ಭಾಗವೇ. ಮೋಟರ್ ಹಾಕಿದ ಕೂಡಲೇ ಪೂರ್ತಿ ವೇಗ ಬರೋದಿಲ್ಲ, ಹಾಗಾಗಿ ಸದ್ದು ತಗ್ಗಿನಿಂದ ಏರುತ್ತದೆ. ಕರೆಂಟ್ ತೆಗೆದರೆ ವೇಗ ಇಳಿದಂತೆ ಸದ್ದೂ ಇಳಿಯುತ್ತದೆ. ಬ್ರಿಟನ್ನಿನಲ್ಲಿ ದಾಳಿಯ ಎಚ್ಚರಿಕೆಗೆ ಏರಿಳಿತದ ಸದ್ದು, ದಾಳಿ ಮುಗಿಯಿತು ಅನ್ನೋಕೆ ಒಂದೇ ಸಮನೆಯ ಸದ್ದು ಇತ್ತು. ನಾವು ಸ್ವಿಚ್ ಹಾಕಿ ತೆಗೆದು ಮಾಡುತ್ತಾ, ಅಂಚಿನ ಸಾಲಿಗೆ ಊದಿದಾಗ ಅದೇ ಊಳು ಬಂತು. ಮಕ್ಕಳಿಗೆ ನಗು. 2025ರ ಮೇ 7ರಂದು ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯಲ್ಲಿ ಬೆಂಗಳೂರಿನಲ್ಲಿ ಸೈರನ್ ಕೇಳಿದವರಿಗೆ ನಗು ಬಂದಿರಲಿಕ್ಕಿಲ್ಲ.

ಇಲ್ಲಿಂದ ಇನ್ನೂ ಹಿಂದಕ್ಕೆ ಹೋಗೋಣ. ಕಾನ್ಯಾರ್‌ಗೆ ಸಿಕ್ಕ ಮತ್ಸ್ಯಕನ್ಯೆ ಗ್ರೀಕರ ಹತ್ತಿರ ಇರಲೇ ಇಲ್ಲ. ಅವರ ಸೈರನ್ ಹಕ್ಕಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. 480ರ ಆಸುಪಾಸಿನ ಒಂದು ಮಣ್ಣಿನ ಪಾತ್ರೆ ಇದೆ, ಅದರ ಚಿತ್ರ ಮ್ಯೂಸಿಯಂನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಗ್ರೀಕ್ ಕವಿ ಹೋಮರನ ಒಡಿಸ್ಸಿ ಕಾವ್ಯದ ನಾಯಕ ಒಡಿಸ್ಯೂಸ್‌ನನ್ನು ಹಡಗಿನ ಕಂಬಕ್ಕೆ ಕಟ್ಟಿದ್ದಾರೆ. ಎರಡು ಬದಿಯ ಬಂಡೆಯ ಮೇಲೂ ಹೆಂಗಸಿನ ಮುಖದ ಹಕ್ಕಿಗಳು. ಮೂರನೆಯ ಹಕ್ಕಿ ಕಣ್ಣು ಮುಚ್ಚಿಕೊಂಡು ತಲೆಕೆಳಗಾಗಿ ಬೀಳುತ್ತಿದೆ. ತರಗತಿಯಲ್ಲಿ ಚಿತ್ರ ತೋರಿಸಿದಾಗ "ಇದು ಕಿನ್ನರಿ ಅಲ್ವಾ ಸರ್?" ಅಂದರು. ಒಳ್ಳೆಯ ಪ್ರಶ್ನೆ. ನಮ್ಮ ಶಿಲ್ಪಗಳಲ್ಲೂ ಕಿನ್ನರಿ ಅರ್ಧ ಹಕ್ಕಿ, ಸಂಗೀತವೇ ಅವಳ ಬದುಕು. ಆದರೆ ಅವಳು ಯಾರನ್ನೂ ಕೊಲ್ಲೋದಿಲ್ಲ. ಇನ್ನೊಂದು ಹೋಲಿಕೆ ನನಗೆ ಆಮೇಲೆ ಹೊಳೆಯಿತು. ನಮ್ಮಲ್ಲೂ ಕಿನ್ನರಿಯ ಹೆಸರು ಒಂದು ವಾದ್ಯಕ್ಕೆ ಇದೆ, ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿರೋದು ಅದೇ. ಹಾಡುವ ಹಕ್ಕಿ-ಹೆಣ್ಣಿನ ಹೆಸರು ಸದ್ದು ಮಾಡುವ ಸಾಧನಕ್ಕೆ ಎರಡು ಕಡೆ ಬಂತು. ಇಲ್ಲಿ ತಂತಿವಾದ್ಯ, ಅಲ್ಲಿ ಭೋಂಗಾ, ಅಂದರೆ ಕೂಗುವ ಸೈರನ್.

ಹಕ್ಕಿ ಮೀನಾದದ್ದು ನಡುಗಾಲದ ಯುರೋಪಿನಲ್ಲಿ. ಏಳು-ಎಂಟನೇ ಶತಮಾನದ ಹೊತ್ತಿನ ಲ್ಯಾಟಿನ್ ಬರಹಗಳಲ್ಲಿ ಮೀನಿನ ಬಾಲ ಕಾಣಿಸಿಕೊಳ್ಳುತ್ತದೆ. ಆಮೇಲೆ ಕೆಲವು ಕಾಲ ಚಿತ್ರಕಾರರು ರೆಕ್ಕೆ, ಬಾಲ ಎರಡನ್ನೂ ಬರೆದು ಕೈತೊಳೆದುಕೊಂಡರು. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಒಂದು ಫ್ರೆಂಚ್ ಕಾವ್ಯವನ್ನು ಇಂಗ್ಲಿಷಿಗೆ ತರುವಾಗ, ನಾವು ಮರ್ಮೇಡ್ ಅನ್ನುವವರನ್ನು ಫ್ರಾನ್ಸಿನಲ್ಲಿ ಸೈರನ್ ಅನ್ನುತ್ತಾರೆ ಅಂತ ವಿವರಣೆ ಸೇರಿಸುತ್ತಾನೆ. ಪದದ ಜಾಡು ಹಿಡಿಯುವವನಿಗೆ ಇಂಥ ಸಾಲು ಸಿಕ್ಕಿದರೆ ಹಬ್ಬ. 1493ರ ಜನವರಿಯಲ್ಲಿ ಕೊಲಂಬಸ್ ಕೆರಿಬಿಯನ್‌ನಲ್ಲಿ ಮೂರು ಸಿರೇನಾಗಳನ್ನು ಕಂಡನಂತೆ, ಚಿತ್ರದಲ್ಲಿರುವಷ್ಟು ಚೆಲುವೆಯರಲ್ಲ ಅಂತ ದೂರುತ್ತಾನೆ. ಅವನು ಕಂಡದ್ದು ಮ್ಯಾನಟೀ ಎಂಬ ನೀರಿನ ಪ್ರಾಣಿ ಇರಬೇಕು ಅಂತ ಈಗ ಹೇಳುತ್ತಾರೆ. 1811ರಲ್ಲಿ ಪ್ರಾಣಿಶಾಸ್ತ್ರಜ್ಞ ಇಲಿಗರ್ ಆ ಇಡೀ ಗುಂಪಿಗೆ ಸೈರೀನಿಯಾ ಅಂತಲೇ ಹೆಸರಿಟ್ಟ. ಮನ್ನಾರ್ ಕೊಲ್ಲಿಯಲ್ಲಿ ಹುಲ್ಲು ಮೇಯುವ ನಮ್ಮ ಕಡಲ ಹಸು, ಡುಗಾಂಗ್, ಇದೇ ಬಳಗ. ಹಾಡು ಕಟ್ಟಿಕೊಂಡು ಅದಕ್ಕೇನೂ ಆಗಬೇಕಿಲ್ಲ.

ಕೊನೆಗೆ ಹೋಮರ್. ಒಡಿಸ್ಸಿಯ 12ನೇ ಭಾಗ. ನನಗೆ ಗ್ರೀಕ್ ಬರೋದಿಲ್ಲ. ಆದರೆ ಪರ್ಸಿಯಸ್ ಎಂಬ ಉಚಿತ ಜಾಲತಾಣದಲ್ಲಿ ಮೂಲದ ಯಾವ ಪದ ಒತ್ತಿದರೂ ಅದರ ವ್ಯಾಕರಣ ತೋರಿಸುತ್ತದೆ. ಸೈರನ್ ಪದವನ್ನು ಒತ್ತಿದಾಗ ಎರಡು ಕಡೆ ದ್ವಿವಚನ ಅಂತ ಬಂತು. ಹೈಸ್ಕೂಲಿನಲ್ಲಿ "ರಾಮಃ ರಾಮೌ ರಾಮಾಃ" ಉರು ಹೊಡೆದವರಿಗೆ ಇದು ಅರ್ಥವಾಗುತ್ತದೆ. ಅಂದರೆ ಹೋಮರನ ಸೈರನ್‌ಗಳು ಇಬ್ಬರೇ, ಪಾತ್ರೆಯ ಮೇಲಿರುವಂತೆ ಮೂವರಲ್ಲ. ಇಂಗ್ಲಿಷ್ ಅನುವಾದದಲ್ಲಿ ಇದು ಕಾಣೋದೇ ಇಲ್ಲ.

ಅವರು ನೋಡೋಕೆ ಹೇಗಿದ್ದರು ಅಂತ ಹೋಮರ್ ಒಂದು ಮಾತೂ ಹೇಳೋದಿಲ್ಲ. ಹಕ್ಕಿಯೂ ಇಲ್ಲ, ಮೀನೂ ಇಲ್ಲ, ಚೆಲುವಿನ ಸುದ್ದಿಯೇ ಇಲ್ಲ. ಗಾಳಿ ನಿಂತುಹೋಗುತ್ತದೆ. ಒಡಿಸ್ಯೂಸ್ ದೊಡ್ಡ ಮೇಣದ ಬಿಲ್ಲೆಯನ್ನು ಕತ್ತರಿಸಿ, ಕೈಯಲ್ಲಿ ನಾದುತ್ತಾನೆ. ಬಿಸಿಲಿಗೆ ಅದು ಮೆತ್ತಗಾಗುತ್ತದೆ. ಅದನ್ನು ಜೊತೆಗಾರರ ಕಿವಿಗೆ ತುಂಬುತ್ತಾನೆ. ತಾನು ಮಾತ್ರ ಕೇಳಬೇಕು, ಅದಕ್ಕೆ ಕಂಬಕ್ಕೆ ಕಟ್ಟಿಸಿಕೊಳ್ಳುತ್ತಾನೆ. ಆಗ ಕೇಳುವ ಹಾಡಿನಲ್ಲಿ ಪ್ರೇಮವಿಲ್ಲ. ಟ್ರಾಯ್‌ನಲ್ಲಿ ನಡೆದದ್ದೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ಆಗೋದೆಲ್ಲ ಗೊತ್ತು, ಬಾ, ಹೆಚ್ಚು ತಿಳಿದುಕೊಂಡು ಹೋಗು ಅನ್ನುತ್ತಾರೆ. ಅವರು ಒಡ್ಡುವ ಆಮಿಷ ಸುದ್ದಿ ಮತ್ತು ತಿಳಿವಳಿಕೆ. ಗಂಡಸರನ್ನು ಹಾಳು ಮಾಡುವ ಬೆಡಗಿ ಅನ್ನುವ ಅರ್ಥ ಮೇಲೆ ಅಂಟಿಸಿದ್ದು. ಏಳನೇ ಶತಮಾನದಲ್ಲಿ ಸೆವಿಲ್‌ನ ಇಸಿಡೋರ್ ಎಂಬ ಬಿಷಪ್ ಇವರು ನಿಜಕ್ಕೂ ದಾರಿಹೋಕರನ್ನು ಬರಿಗೈ ಮಾಡುತ್ತಿದ್ದ ವೇಶ್ಯೆಯರು ಅಂತ ಬರೆದುಬಿಟ್ಟ. ಈ ಪದಕ್ಕೆ ಆದ ದೊಡ್ಡ ಅನ್ಯಾಯ ಇದು ಅಂತ ನನಗನಿಸುತ್ತದೆ. ಆಂಬುಲೆನ್ಸಿನ ತಲೆ ಏರಿದ್ದು ಅದರ ಮುಂದೆ ಏನೂ ಅಲ್ಲ.

ಕನ್ನಡಕ್ಕೆ ಬಂದದ್ದು ಈ ಮರದ ಒಂದೇ ಕೊಂಬೆ, ಸದ್ದಿನದು. ಬೆಳಗಾವಿ ಕಡೆ ಭೋಂಗಾ ಅಂದರೂ, ಬೇರೆ ಕಡೆ ಸೈರನ್ ಅಂದರೂ ನಮಗೆ ಮಿಲ್ಲು, ಪೊಲೀಸ್ ಗಾಡಿ, ಆಂಬುಲೆನ್ಸೇ ನೆನಪಾಗೋದು. ಇದರಿಂದ ಅನುವಾದದಲ್ಲಿ ತೊಂದರೆಯಾಗುತ್ತದೆ. ಇಂಗ್ಲಿಷ್ ಪತ್ರಿಕೆಯವರು ಸುಲಭ ಸಾಲದ ಸೈರನ್ ಹಾಡು ಅಂತ ಬರೆದರೆ, ಅದನ್ನು ಅಪಾಯದ ಗಂಟೆ ಅಂತ ಕನ್ನಡಕ್ಕೆ ತಂದರೆ ಅರ್ಥ ತಲೆಕೆಳಗು. ಅಲ್ಲಿ ಸಾಲ ಎಚ್ಚರಿಸುತ್ತಿಲ್ಲ, ಕೈಬೀಸಿ ಕರೆಯುತ್ತಿದೆ. ಮರುಳು ಮಾಡುವ ಕರೆ ಅಂದರೆ ಸಾಕು ಅಂತ ಮಕ್ಕಳಿಗೆ ಹೇಳುತ್ತೇನೆ.

ಈಗ ಅವರೇ ಅಟ್ಲಾಸ್ ಪದ ಹಿಡಿದಿದ್ದಾರೆ. ಮರ್ಕೇಟರ್‌ನ ನಕ್ಷೆಗಳ ಪುಸ್ತಕ ಆ ಹೆಸರಿನಲ್ಲಿ ಬಂದದ್ದು 1595ರಲ್ಲಿ, ಅವನು ತೀರಿಹೋದ ಮರುವರ್ಷ. ಅವನ ಮನಸ್ಸಿನಲ್ಲಿದ್ದ ಅಟ್ಲಾಸ್ ಆಕಾಶ ಹೊತ್ತ ದೈತ್ಯನಲ್ಲ, ಖಗೋಳ ಬಲ್ಲ, ಉತ್ತರ ಆಫ್ರಿಕಾದ ಹಳೆಯ ನಾಡು ಮಾರಿಟೇನಿಯಾದ ಒಬ್ಬ ರಾಜ. ದೈತ್ಯ ಯಾವಾಗ ಒಳಗೆ ಬಂದ, ಆಕಾಶ ಇಳಿಸಿ ಭೂಮಿ ಯಾವಾಗ ಹೊತ್ತ ಅಂತ ಹುಡುಕೋದು ಇನ್ನು ಅವರ ಕೆಲಸ.