ಶೀಟು ಕಿತ್ತು ಹಂಚು ಹೊದೆಸಿದ ಕಥೆ

ತಾರಸಿಗೆ ಶೀಟು ಹಾಕಿಸಿದವರಿಗೆಲ್ಲ ಗೊತ್ತು, ಮಳೆಗಾಲದಲ್ಲಿ ಅದರಡಿ ಕೂತರೆ ನಮ್ಮ ಮಾತು ನಮಗೇ ಕೇಳುವುದಿಲ್ಲ. ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಕೆಳಗೆ ಟಿವಿ, ಕುಕ್ಕರ್, ಮೇಲೆ ಶೀಟಿನ ಚೆಂಡೆ. ಒಬ್ಬನೇ ಕೂರಬೇಕೆಂದರೆ ನಿಲ್ಲಿಸಿದ ಕಾರಿನೊಳಗೆ ಹೋಗಿ ಕೂರುತ್ತಿದ್ದೆ.

ಬ್ರಹ್ಮಾವರದ ಹತ್ತಿರದ ಹಿರಿಮನೆ ಪಾಲಾಗಿ ಕೆಡವುವಾಗ ಎಲ್ಲರೂ ಬಾಗಿಲು, ಕಂಬ ಕೇಳಿದರು. ನಾನು ಹಂಚು ಕೇಳಿದೆ. "ಮಂಡೆ ಸಮ ಉಂಟಾ ನಿಂಗೆ?" ಎಂದರು ಭಾವ. 400 ಹಂಚು ಇರಬಹುದು, ಪಿಕಪ್‌ನಲ್ಲಿ ಎರಡು ಟ್ರಿಪ್. ನೂರು ದಾರಿಯಲ್ಲೇ ಪುಡಿ.

ಮೊದಲ ವರ್ಷ ಸೋತೆ. ಶೀಟಿನ ಇಳಿಜಾರೇ ಸಾಕೆಂದ ವೆಲ್ಡಿಂಗ್‌ನವನ ಮಾತು ನಂಬಿ ತಾರಸಿಯ ಮೂಲೆಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಜಾಗದ ಶೀಟು ಕಿತ್ತು ಹಂಚು ಹೊದೆಸಿದೆ. ಪಡುಗಾಳಿ ಬೀಸಿದಾಗ ನೀರು ಹಂಚಿನ ಸಂದಿನಲ್ಲಿ ಹಿಂದಕ್ಕೆ ಹತ್ತಿ ಒಳಗಿಳಿಯಿತು. ಕಬ್ಬಿಣದ ಪಟ್ಟಿ ಉಪ್ಪುಗಾಳಿಗೆ ತುಕ್ಕು ಹಿಡಿಯಿತು. 18 ಸಾವಿರ ನೀರಲ್ಲಿ ಹೋಮ. ಈ ನಡುವೆ, ಕೀಳದೆ ಉಳಿದ ಶೀಟಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ನೋಡಿದೆ. ಸದ್ದು ಕಡಿಮೆಯಾಯಿತು, ನಿಜ. ಹದಿನೈದು ದಿನಕ್ಕೆ ಚಾಪೆ ನೆನೆದು ಗಬ್ಬು ವಾಸನೆ ಹೊಡೆದು ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಎರಡನೇ ಸಲ ಹಿರಿಮನೆಯ ಹಳೇ ಫೋಟೋ ಹಿಡಿದು ಅದರ ಮಾಡಿನ ಇಳಿಜಾರು ಎಷ್ಟೆಂದು ಲೆಕ್ಕ ಹಾಕಿದೆ. ಮಾಡು ಹೊರುವ ಹಲಸಿನ ಪಕ್ಕಾಸು, ಹಂಚು ಕೂರುವ ಹೊಸ ರೀಪು, ಮರಗೆಲಸದ ಆಚಾರಿಯ ಕೂಲಿ ಸೇರಿ 45 ಸಾವಿರದ ಆಸುಪಾಸು. ಗಾಳಿಗೆ ಎರಚಲು ಒಳಬರದಂತೆ ಕೊನೆಯ ಸಾಲಿಗೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಬೆಳಿಗ್ಗೆ ಐದಕ್ಕೆ ಫೋನು ಕೆಳಗಿಟ್ಟು ಮೇಲೆ ಹೋಗುತ್ತೇನೆ. ಮಣ್ಣಿನ ಹಂಚು ಶೀಟಿನ ಹಾಗೆ ಬಡಿದುಕೊಳ್ಳುವುದಿಲ್ಲ, ಮಳೆ ದೂರದಲ್ಲೆಲ್ಲೋ ಸುರಿದಂತೆ ಕೇಳುತ್ತದೆ. ಮಲಗಿ ಮೇಲೆ ನೋಡಿದರೆ ಹಂಚಿನ ಅಡಿಯಲ್ಲಿ ಬಾಸೆಲ್ ಮಿಶನ್ ಮುದ್ರೆ, 1865. ಬಂದವರೆಲ್ಲ ಹಂಚೇ ಅಷ್ಟು ಹಳತೆಂದು ಬಾಯಿ ಬಿಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಪಾದ್ರಿಗಳ ಹಂಚಿನ ಕಾರ್ಖಾನೆ ಶುರುವಾದ ಇಸವಿ ಮಾರಾಯ್ರೇ! ಅಜ್ಜನ ಅಡುಗೆಮನೆಯ ಕಡೆಯ ಹಂಚುಗಳಿಗೆ ಇನ್ನೂ ಹೊಗೆಯ ಕಪ್ಪು ಉಂಟು. ಆಚಾರಿ ತೊಳೆಯಲು ಹೊರಟಿದ್ದ, ನಾನು ಬಿಡಲಿಲ್ಲ.

ಹೋದ ಆಟಿ ತಿಂಗಳ ಮಳೆಯಲ್ಲಿ ಬೆಂಗಳೂರಿನಿಂದ ಬಂದ ಭಾವ ಊಟ ಮಾಡಿ ಅಲ್ಲಿ ಮಲಗಿದವರು ಎದ್ದದ್ದು ಸಂಜೆ ಐದು ಗಂಟೆಗೆ. ತೆಂಕು ಮೂಲೆಯ ಒಂದು ಹಂಚು ಮಾತ್ರ ಇನ್ನೂ ಸೋರುತ್ತದೆ. ಅದರಡಿಗೆ ಅಜ್ಜಿಯ ತಂಬಿಗೆ ಇಟ್ಟಿದ್ದೇನೆ.